ಕೆಂಪು ಗೆರೆಯ ಕೆಳಗಿನ ಬಿಳಿ ಗೆರೆ

ನನ್ನ ಅಣ್ಣ ನನಗಿಂತ ಚಿಕ್ಕವನು. ಅವನಿಗೆ ಮೂರು ವರ್ಷ. ನನಗೆ ಮೂವತ್ತು ದಾಟಿ, ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಕೂದಲು. ಅವನು ಜ್ವರ ಬಂದು ತೀರಿಹೋದ ಮೇಲೆ ಹುಟ್ಟಿದವಳು ನಾನು. ಆದರೂ ಅಮ್ಮನ ಬಾಯಲ್ಲಿ ಅವನು ಇವತ್ತಿಗೂ "ನಿಮ್ಮಣ್ಣ". ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು ಪವರ್‌ಹೌಸಿಗೆ ಹೊರಟ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು, "ನಿಮ್ಮಣ್ಣನಿಗೆ ಸಕ್ಕರೆ ಅಂದ್ರೆ ಪ್ರಾಣ ಕಣೇ" ಎನ್ನುತ್ತಾಳೆ. ನಾನು ಹೂಂ ಎನ್ನುತ್ತೇನೆ. ಮೂರು ವರ್ಷದ ಹುಡುಗನಿಗೆ ಇಷ್ಟು ದೊಡ್ಡ ತಂಗಿಯೇ ಎಂದು ನನಗೆ ಎಷ್ಟೋ ಸಲ ನಗು ಬಂದಿದೆ, ಅಮ್ಮನ ಎದುರು ನಕ್ಕಿಲ್ಲ.

ಅವನನ್ನು ಮಣ್ಣು ಮಾಡಿದ್ದು ಹಳೆಯ ಊರಿನ ನಮ್ಮ ಮನೆಯ ಹಿತ್ತಲಿನಲ್ಲಿ. ನಾಯಿ ನರಿ ಕೆರೆಯದಿರಲಿ ಎಂದು ಅಮ್ಮ ತನ್ನ ಬೀಸುಕಲ್ಲಿನ ಮೇಲಿನ ಕಲ್ಲನ್ನು ಎತ್ತಿ ಅದರ ಮೇಲಿಟ್ಟಳಂತೆ. ಮರುವರ್ಷ ಅಣೆಕಟ್ಟು ಮುಗಿಯಿತು, ಊರು ಖಾಲಿಯಾಯಿತು. ಉಳಿದವರು ಬಾಗಿಲು, ತೊಲೆ, ಹೆಂಚು ಕಿತ್ತುಕೊಂಡು ಹೋದರೆ ಅಮ್ಮ ಬೀಸುಕಲ್ಲಿನ ಕೆಳಗಿನ ಕಲ್ಲನ್ನು ಹೊತ್ತು ತಂದಳು. ಮೇಲಿನದು ಅವನ ಮೇಲೆ, ನೀರಿನ ಅಡಿಯಲ್ಲಿ. ಕೆಳಗಿನದು ನಮ್ಮ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ, ಹಿಂಬಾಗಿಲ ಪಕ್ಕ. ಒಂಟಿ ಕಲ್ಲು ಏನನ್ನೂ ಬೀಸುವುದಿಲ್ಲ, ಎಡವಿಸುವ ಕೆಲಸವನ್ನು ಮಾತ್ರ ಶ್ರದ್ಧೆಯಿಂದ ಮಾಡುತ್ತದೆ. ನನ್ನ ಬಲಗಾಲಿನ ಹೆಬ್ಬೆರಳ ಉಗುರು ಅದಕ್ಕೆ ಬಲಿಯಾದದ್ದಕ್ಕೆ ಲೆಕ್ಕವಿಲ್ಲ. "ಇದನ್ನ ಹೊರಗೆ ಹಾಕಮ್ಮ" ಎಂದರೆ ಸಾಕು, ಅಮ್ಮ ರಂಪ ಮಾಡುತ್ತಿದ್ದಳು.

"ಕಾಲು ನೋಡ್ಕೊಂಡು ಇಡೋಕೆ ಏನು ರೋಗ? ಕಣ್ಣಿರೋದು ನಿನಗೋ ಕಲ್ಲಿಗೋ?"

ಊರು ಕಳೆದುಕೊಂಡವರಿಗೆ ಮನೆಗೊಂದು ಕೆಲಸ ಎಂದು ಇಲಾಖೆಯವರು ಹೇಳಿದ್ದರು. ಅಪ್ಪ ಗೇಟು ನೋಡಿಕೊಳ್ಳುವವನಾದ. ನದಿಗೆ ಅಡ್ಡಲಾಗಿ ಗೇಟು ಇಳಿಸಿದ ತಂಡದಲ್ಲಿ ನಿಂತಿದ್ದೇ ಅವನ ಮೊದಲ ಕೆಲಸ. ಅಂದರೆ ತನ್ನ ಊರನ್ನು ತಾನೇ ಮುಳುಗಿಸಿ, ಅದಕ್ಕೆ ಸಂಬಳ ತೆಗೆದುಕೊಂಡ. ನನ್ನ ಅಪ್ಪ ಅಮ್ಮ ಜಗಳವಾಡದ ವಿಷಯವಿಲ್ಲ. ಉಪ್ಪಿನಿಂದ ಹಿಡಿದು ಅಪ್ಪನ ಗೊರಕೆಯವರೆಗೆ ಎಲ್ಲವೂ ಬಂದು ಹೋಗಿದೆ. ಆದರೆ ಆ ಗೇಟಿನ ಮಾತನ್ನು ಅಮ್ಮ ಒಂದು ದಿನವೂ ಎತ್ತಿ ಆಡಲಿಲ್ಲ. ಅದಕ್ಕೆ ಕಾರಣ ಬಿಳಿ ಗೆರೆ.

ಗೇಟು ಇಳಿಸುವ ಮುಂಚೆ ಅಪ್ಪ ಒಬ್ಬ ಸರ್ವೆಯವನ ಕೈಕಾಲು ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿದ್ದ. ಮೂರು ಕಾಲಿನ ಯಂತ್ರ ನಿಲ್ಲಿಸಿ, ಬೀಸುಕಲ್ಲು ಎಷ್ಟು ಎತ್ತರದಲ್ಲಿದೆ ಎಂದು ನೋಡಿಸಿ, ಅದೇ ಎತ್ತರವನ್ನು ಗೋಪುರದ ಮೇಲೆ ಗುರುತು ಹಾಕಿಸಿದ. ಗೋಪುರವೆಂದರೆ ಜಲಾಶಯದ ನೀರನ್ನು ಒಳಗೆಳೆದುಕೊಂಡು ಕೊಳವೆಗಳಲ್ಲಿ ನಮ್ಮ ಟರ್ಬೈನುಗಳಿಗೆ ಕಳಿಸುವ ದಪ್ಪ ಕಾಂಕ್ರೀಟು ಕಂಬ. ಆ ಗುರುತಿನ ಮೇಲೆ ಅಪ್ಪ ಬಿಳಿ ಬಣ್ಣದಲ್ಲಿ ಅಂಗೈ ಅಗಲದ ಗೆರೆ ಎಳೆದ. ಅಮ್ಮನನ್ನು ಕರೆದು ತೋರಿಸಿದ. "ನೋಡೇ, ನೀರು ಈ ಗೆರೆಗೆ ಇಳಿದ ದಿನ ನಮ್ಮ ಕಲ್ಲೂ ಕಾಣುತ್ತೆ. ಮಗು ಎಲ್ಲೂ ಕಳೆದುಹೋಗಿಲ್ಲ." ಮಗುವನ್ನು ಉಳಿಸಿಕೊಡಲಾಗದ ಗಂಡ ಮಗುವಿನ ಗುರುತನ್ನಾದರೂ ಉಳಿಸಿಕೊಟ್ಟನಲ್ಲ ಎಂದು ಅಮ್ಮ ಅವನನ್ನು ಕ್ಷಮಿಸಿದಳು. ಅಥವಾ ಕ್ಷಮಿಸುವುದನ್ನು ಆ ಗೆರೆ ಕಾಣುವ ದಿನಕ್ಕೆ ಮುಂದೆ ಹಾಕಿದಳು.

ಆದರೆ ಅದರ ಮೇಲ್ಗಡೆ ಇನ್ನೊಂದು ಗೆರೆಯಿದೆ. ಅದು ಇಲಾಖೆಯದು, ಕೆಂಪು. ನೀರು ಕೆಂಪು ಗೆರೆಗಿಂತ ಕೆಳಗಿಳಿದರೆ ಕೊಳವೆ ನೀರಿನ ಜೊತೆ ಗಾಳಿ ಎಳೆಯುತ್ತದೆ, ಮೆಷಿನ್ನು ಹಾಳಾಗುತ್ತದೆ. ಹಾಗಾಗಿ ಅಲ್ಲಿಗೆ ಮೆಷಿನ್ನು ನಿಲ್ಲಿಸಲೇಬೇಕು. ಅಮ್ಮ ಮಗನ ಕಲ್ಲನ್ನು ನೋಡಬೇಕೆಂದರೆ ಗಂಡನ ಪವರ್‌ಹೌಸು ನಿಲ್ಲಬೇಕು. ನಾನು ಆಪರೇಟರ್ ಆದ ಮೇಲೆ ಮಗಳದ್ದೂ.

ನಮ್ಮ ಕಾಲೊನಿಯಲ್ಲಿ ಬೆಳಗಿನ ಮೊದಲ ಮಾತು "ಇವತ್ತೆಷ್ಟು?" ಎಂಬುದು. ಲೆವೆಲ್ಲು ಎಷ್ಟು ಎಂದರ್ಥ. ಹಾಲು ತರಲು ಹೋದವರು, ಹಲ್ಲುಜ್ಜುತ್ತ ನಿಂತವರು, ಎಲ್ಲರೂ ಪಾಳಿ ಮುಗಿಸಿ ಬಂದವರನ್ನು ಅದನ್ನೇ ಕೇಳುತ್ತಾರೆ. ಏರಿದೆ ಎಂದರೆ ಮುಖ ಅರಳುತ್ತದೆ, ಇಳಿದಿದೆ ಎಂದರೆ ಸೊಟ್ಟಗಾಗುತ್ತದೆ. ನಮ್ಮ ಅಮ್ಮನೂ ಕೇಳುತ್ತಿದ್ದಳು. ಏರಿದೆ ಎಂದ ದಿನ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜಾಸ್ತಿ. ಇಳಿದಿದೆ ಎಂದ ದಿನ ಅಪ್ಪನ ತಟ್ಟೆಗೆ ಇನ್ನೊಂದು ಸೌಟು ಬೀಳುತ್ತಿತ್ತು. ಚಿಕ್ಕಂದಿನಲ್ಲಿ ನನಗೆ ಇದು ಅರ್ಥವಾಗುತ್ತಿರಲಿಲ್ಲ. ಅರ್ಥವಾದ ಮೇಲೆ ಸಿಟ್ಟು ಬರತೊಡಗಿತು. ಇರುವ ಮಗಳು ಪವರ್‌ಹೌಸಿನಲ್ಲಿ, ಹೋದ ಮಗ ನೀರಿನಲ್ಲಿ. ಅಮ್ಮ ಯಾರ ಕಡೆ ಎಂದು ನಾನು ಕೇಳಬೇಕಾಗಿಯೇ ಇರಲಿಲ್ಲ.

ಹಿಂದೆ ಮಳೆಗೆ ಒಂದು ಮರ್ಯಾದೆ ಇತ್ತು. ಬರುವ ಹೊತ್ತಿಗೆ ಬಂದು, ತಿಂಗಳುಗಟ್ಟಲೆ ಸಣ್ಣಗೆ ಹಿಡಿದು, ಜಲಾಶಯ ತುಂಬಿಸಿ ಹೋಗುತ್ತಿತ್ತು. ಆ ಲೆಕ್ಕದ ಮೇಲೆಯೇ ಅಣೆಕಟ್ಟು ಕಟ್ಟಿದ್ದು, ಆ ಲೆಕ್ಕದ ಮೇಲೆಯೇ ಮೆಷಿನ್ನು ತಂದು ಕೂರಿಸಿದ್ದು. ಈಗ ಅದಕ್ಕೆ ಹೇಳುವವರು ಕೇಳುವವರು ಇಲ್ಲ. ಬರಬೇಕಾದ ತಿಂಗಳಲ್ಲಿ ಆಕಾಶ ಬೋಳು, ಬರಬಾರದ ತಿಂಗಳಲ್ಲಿ ಒಂದೇ ಸಲಕ್ಕೆ ಸುರಿದು, ಮೇಲಿನ ಗುಡ್ಡಗಳನ್ನು ಕೆರೆದುಕೊಂಡು ಬಂದು ಜಲಾಶಯಕ್ಕೆ ಹಾಕಿ ಹೋಗುತ್ತದೆ. ನಮ್ಮಲ್ಲಿ ಒಬ್ಬ ಫಿಟ್ಟರ್ ಇದ್ದಾನೆ, ಎಲ್ಲರೂ ಅವನನ್ನು ಮಂಡಿ ಎಂದೇ ಕರೆಯುವುದು. ಮಳೆ ಬರುವ ಮುಂಚೆ ಅವನ ಎಡಮಂಡಿ ನೋಯುತ್ತಿತ್ತು, ಒಂದು ಸಲವೂ ತಪ್ಪಿರಲಿಲ್ಲ. ಈಗ ವರ್ಷವಿಡೀ ನೋಯುತ್ತದೆ, ಮಳೆ ಮಾತ್ರ ಇಲ್ಲ. "ಮೇಡಂ, ಮೋಡಕ್ಕೂ ನನಗೂ ಮಾತು ಬಿಟ್ಟುಹೋಗಿದೆ" ಎಂದು ಮೊನ್ನೆಮೊನ್ನೆಯವರೆಗೂ ನಗಿಸುತ್ತಿದ್ದ. ಈ ವರ್ಷ ಅವನೂ ನಗಿಸುವುದನ್ನು ನಿಲ್ಲಿಸಿದ.

ಈ ವರ್ಷ ಮಳೆ ಮುಖವನ್ನೇ ತೋರಿಸಲಿಲ್ಲ. ಮೊದಲು ಒಂದು ಮೆಷಿನ್ನು ನಿಲ್ಲಿಸಿದೆವು, ಆಮೇಲೆ ಇನ್ನೊಂದು. ಉಳಿದ ಒಂದನ್ನು ಸಂಜೆ ಜನ ದೀಪ ಹಾಕುವ ಹೊತ್ತಿಗೆ ಮಾತ್ರ ಓಡಿಸಿ ಎಂದು ಮೇಲಿನವರು ಹೇಳಿದರು. ಕೆಳಗಿನ ಪಟ್ಟಣದಲ್ಲಿ ಕರೆಂಟು ಬಂದು ಹೋಗಿ ಮಾಡಿ, ಜನ ನಮಗೆ ಹಿಡಿಶಾಪ ಹಾಕಿದರು, ನೀರನ್ನು ನಾವೇ ಕುಡಿದು ಖಾಲಿ ಮಾಡಿದ ಹಾಗೆ. ಕೊನೆಗೆ ಒಂದು ಮಧ್ಯಾಹ್ನ ಗೋಪುರದ ಕೆಂಪು ಗೆರೆ ನೀರಿನಿಂದ ಮೇಲೆ ಬಂತು. ನಮ್ಮ ಇಂಜಿನಿಯರು ಕನ್ನಡಕ ತೆಗೆದು ಒರೆಸಿಕೊಂಡು, "ನಿಲ್ಲಿಸಿಬಿಡಮ್ಮ" ಎಂದರು. ಬಟನ್ನು ಒತ್ತಿದವಳು ನಾನೇ. ಚಕ್ರ ನಿಧಾನವಾಗುತ್ತ, ನಿಧಾನವಾಗುತ್ತ, ಹೋಗಿ ನಿಂತಿತು. ಹಾಲ್‌ನಲ್ಲಿ ಯಾರೋ ಕೆಮ್ಮಿದ್ದು ಕೇಳಿತು. ಅಷ್ಟು ವರ್ಷ ಅಲ್ಲಿ ಕೆಲಸ ಮಾಡಿದ್ದರೂ ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಕೇಳಿರಲಿಲ್ಲ.

ಮೆಷಿನ್ನು ಓಡುವಾಗ ಕಾಲೊನಿಯ ಮನೆಗಳು ಸಣ್ಣಗೆ ನಡುಗುತ್ತವೆ. ಕಪಾಟಿನಲ್ಲಿ ಒಂದಕ್ಕೊಂದು ತಾಗಿಕೊಂಡ ಲೋಟಗಳು ಸದಾ ಕಿಣಿಕಿಣಿ ಎನ್ನುತ್ತಿರುತ್ತವೆ. ಆ ಸದ್ದಿನಲ್ಲೇ ಹುಟ್ಟಿ ಬೆಳೆದ ನನಗೆ ಅದು ಸದ್ದು ಎಂದೇ ಗೊತ್ತಿರಲಿಲ್ಲ. ಅವತ್ತು ಮನೆಗೆ ಬಂದರೆ ಲೋಟಗಳು ಸುಮ್ಮನಿದ್ದವು. ಎದುರುಮನೆಯ ಅತ್ತೆ, ಸಂಬಂಧದಲ್ಲಿ ಅತ್ತೆಯಲ್ಲ, ಕಾಲೊನಿಯ ಎಲ್ಲರಿಗೂ ಅತ್ತೆ, ಹೊಸ್ತಿಲಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದಳು. "ಇನ್ನು ನಮ್ಮನ್ನೆಲ್ಲ ಎಲ್ಲೆಲ್ಲಿಗೆ ಎತ್ತಿ ಹಾಕ್ತಾರೋ" ಎಂದಳು. ನಮ್ಮ ಮನೆಯ ಅಡುಗೆಮನೆಯಲ್ಲಿ ಅಮ್ಮ ಚಪ್ಪಲಿಗೆ ಎಣ್ಣೆ ಹಚ್ಚುತ್ತಿದ್ದಳು. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದು ಗಟ್ಟಿಯಾಗಿದ್ದ ತೊಗಲಿನ ಚಪ್ಪಲಿ. ಪಕ್ಕದಲ್ಲಿ ಹೊಸ ಪೊರಕೆ.

"ಇದೆಲ್ಲ ಏನಮ್ಮ?"

"ಕೆಸರಲ್ಲಿ ನಡೀಬೇಕಲ್ಲ. ಕಲ್ಲಿನ ಮೇಲೆ ಎಷ್ಟು ಕಸ ಕೂತಿದೆಯೋ ಏನೋ. ಗುಡಿಸಿ, ನೀರು ಹಾಕಿ ತೊಳೀಬೇಕು."

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅವತ್ತಂತೂ ಕೇಳುವುದೇ ಬೇಡ. "ಊರಿಗೆಲ್ಲ ಕತ್ತಲೆ, ನಿನಗೊಬ್ಬಳಿಗೆ ಸಂಭ್ರಮ. ನಾಳೆ ನನ್ನ ಕೆಲಸ ಎಲ್ಲಿರುತ್ತೋ ಗೊತ್ತಿಲ್ಲ. ಇರೋಳ ಬಗ್ಗೆ ಒಂದು ಮಾತಾದ್ರೂ ಕೇಳಿದ್ಯಾ?"

ಅಮ್ಮ ಎಣ್ಣೆಯ ಕೈಯನ್ನು ಹಾಗೆಯೇ ಹಿಡಿದುಕೊಂಡು ನನ್ನನ್ನು ನೋಡಿದಳು. "ಇರೋಳಿಗೆ ದಿನಾ ಊಟ ಹಾಕ್ತೀನಿ, ತಲೆ ಬಾಚಿದೀನಿ, ಬೈದಿದೀನಿ. ಅವನಿಗೆ ಏನು ಮಾಡಿದೀನಿ ಹೇಳು. ಒಂದು ಕಲ್ಲು ಹೇರಿ, ಅದರ ಮೇಲೆ ನೀರು ಹೇರಿ ಬಂದೆ. ಚಳಿಗಾಲ ಬಂದಾಗೆಲ್ಲ ನಾನು ಕಂಬಳಿ ಹೊದ್ಕೊಂಡು ಮಲಗ್ತೀನಲ್ಲ, ನನಗೆ ನಾಚಿಕೆ ಆಗುತ್ತೆ ಕಣೇ."

ಅಪ್ಪ ಹಿಂಬಾಗಿಲಲ್ಲಿ ನಿಂತಿದ್ದವನು ಹೊರಗೆ ಹೋದ. ನಿವೃತ್ತನಾಗಿ ಬಹಳ ದಿನವಾಗಿರಲಿಲ್ಲ. ದಿನಕ್ಕೊಮ್ಮೆಯಾದರೂ ಅಣೆಕಟ್ಟಿನ ಮೇಲೆ ಹೋಗಿ ಬರದಿದ್ದರೆ ಅವನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಈ ನಡುವೆ ಅವನು ಅಲ್ಲಿಗೆ ಹೋಗುವುದನ್ನು ಬಿಟ್ಟಿದ್ದ ಎಂಬುದು ನನಗೆ ಆಗ ಹೊಳೆಯಿತು.

ಮೆಷಿನ್ನು ನಿಂತರೂ ನೀರು ಇಳಿಯುತ್ತಲೇ ಇತ್ತು. ಕೆಳಗಿನ ಪಟ್ಟಣಕ್ಕೆ ಕುಡಿಯಲು ಎಂದು ತಳದ ಸಣ್ಣ ಗೇಟಿನಿಂದ ಬಿಡುತ್ತಿದ್ದರು, ಮೇಲೆ ಬಿಸಿಲು ಹೀರುತ್ತಿತ್ತು. ಮಾಡಲು ಕೆಲಸವಿಲ್ಲದ ನಾವು ಒರೆಸಿದ್ದನ್ನೇ ಒರೆಸುತ್ತ, ಹಬೆಯಾಡುವ ಚಹಾ ಎದುರಿಗಿಟ್ಟುಕೊಂಡು ಕೂರುತ್ತಿದ್ದೆವು. ಅಮ್ಮ ದಿನಾ ಸಂಜೆ ಅಣೆಕಟ್ಟಿನ ಕಟ್ಟೆಗೆ ಹೋಗಿ ಗೋಪುರ ನೋಡಿ ಬರುತ್ತಿದ್ದಳು. ಬಿಳಿ ಗೆರೆಯನ್ನು ನಾನು ಹುಟ್ಟಿದಂದಿನಿಂದ ಕೇಳಿದ್ದೆನೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಜಲಾಶಯ ತುಂಬಿದ ಮೇಲೆ ಯಾರೂ ಕಂಡಿರಲಿಲ್ಲ. ಬಣ್ಣ ಇನ್ನೂ ಇದೆಯೋ ಕಿತ್ತುಹೋಗಿದೆಯೋ ಎಂದು ಅಮ್ಮನಿಗೊಂದು ಚಿಂತೆ.

ಒಂದು ದಿನ ಅವಳು ಸೆರಗು ಜಾರಿದ್ದೂ ಗೊತ್ತಿಲ್ಲದ ಹಾಗೆ ಓಡಿ ಬಂದಳು. ಅವಳು ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ನೆಲ ಕಾಣ್ತಿದೆ. ನಮ್ಮೂರಿನ ಮೂಲೆ, ಹಳ್ಳ ಬಂದು ಸೇರುತ್ತಲ್ಲ, ಅಲ್ಲೆಲ್ಲ ನೆಲ ಎದ್ದಿದೆ. ಗೆರೆ ಇನ್ನೂ ನೀರೊಳಗೇ ಇದೆ ಕಣೇ, ಅಷ್ಟರಲ್ಲೇ ನೆಲ ಬಂದುಬಿಟ್ಟಿದೆ. ಅವನಿಗೂ ಕಾದು ಸಾಕಾಗಿದೆ, ಮುಂಚೆನೇ ಬಂದಿದಾನೆ."

ನೀರು ಗೆರೆಗೆ ಇಳಿದಾಗ ಕಾಣಬೇಕಾದ ನೆಲ, ನೀರು ಗೆರೆಗಿಂತ ಮೇಲಿರುವಾಗಲೇ ಕಂಡಿದೆ ಎಂದರೆ ಒಂದೇ ಅರ್ಥ. ಅದು ಹಳೆಯ ನೆಲವಲ್ಲ. ನೆಲವೇ ಏರಿದೆ. ಹಳ್ಳ ವರ್ಷವರ್ಷವೂ ಗುಡ್ಡದಿಂದ ಹೊತ್ತು ತಂದ ಹೂಳು ಆ ಮೂಲೆಯಲ್ಲಿ ಕೂತು ಕೂತು ಊರನ್ನು ಮುಚ್ಚಿದೆ. ನೀರಿನಲ್ಲಿ ಹೂಳು ಕೂರುತ್ತದೆ ಎಂದು ಪವರ್‌ಹೌಸಿನವರಿಗೆ ಗೊತ್ತಿಲ್ಲದೆ ಇಲ್ಲ. ಆದರೆ ನಾವು ದಿನಾ ನೋಡುವುದು ನೀರಿನ ಲೆವೆಲ್ಲನ್ನು. ಅಡಿಯ ನೆಲ ಇದ್ದಲ್ಲೇ ಇರುತ್ತದೆ ಎಂಬ ನಂಬಿಕೆಯ ಮೇಲೆಯೇ ನಮ್ಮ ಮಾತೆಲ್ಲ ನಡೆಯುವುದು. ಅಪ್ಪ ಗೆರೆ ಎಳೆದದ್ದೂ ಅದೇ ನಂಬಿಕೆಯ ಮೇಲೆ. ಹೂಳು ತುಂಬಲು ನಾಲ್ಕು ತಲೆಮಾರು ಬೇಕು ಎಂದು ಆಗ ದೊಡ್ಡ ದೊಡ್ಡವರೇ ಹೇಳಿದ್ದರಂತೆ. ಮಳೆ ಹೀಗೆ ಹುಚ್ಚು ಹಿಡಿದು ಸುರಿಯುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ.

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ನನ್ನ ತೋಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದ.

"ಹೇಳಬೇಡ."

"ಹೇಳ್ದೆ ಹೇಗಪ್ಪ? ಅಲ್ಲಿಗೆ ಹೋದ್ರೆ ಗೊತ್ತಾಗಲ್ವಾ?"

"ನಾನು ಹೇಳ್ತೀನಿ. ಅಲ್ಲಿ ಹೋದ್ಮೇಲೆ, ನಾನೇ ಹೇಳ್ತೀನಿ." ಅವನ ದನಿಯಲ್ಲಿ ಆಶ್ಚರ್ಯವಿರಲಿಲ್ಲ. ಆಗಲೇ ನನಗೆ ತಿಳಿಯಬೇಕಿತ್ತು.

ಮರುದಿನ ಬೆಳಿಗ್ಗೆ ಮೂವರೂ ಹೊರಟೆವು. ಅಮ್ಮ ಒಗೆದ ಸೀರೆ ಉಟ್ಟಿದ್ದಳು, ಕೈಯಲ್ಲಿ ಪೊರಕೆ. ನನ್ನ ಕೈಗೆ ನೀರಿನ ಕ್ಯಾನು ಕೊಟ್ಟಳು, ಹೆಗಲಿಗೆ ಒಂದು ಹಳೆಯ ಬಟ್ಟೆ ಹಾಕಿದಳು. "ತೊಳೆದ್ಮೇಲೆ ಒರೆಸಬೇಕು. ಒದ್ದೆ ಬಿಟ್ಟು ಬರಬಾರದು." ಅಪ್ಪ ಒಂದು ಕೋಲು ಹಿಡಿದು ಮುಂದೆ ನಡೆದ. ಬಿಸಿಲಿಗೆ ಮೇಲಿನ ಕೆಸರು ಒಣಗಿ ದೊಡ್ಡ ದೊಡ್ಡ ಚಕ್ಕೆಗಳಾಗಿ ಬಿರಿದಿತ್ತು. ಬಿರುಕುಗಳಲ್ಲಿ ಕೈ ಇಳಿಸಿದರೆ ಮೊಣಕೈವರೆಗೆ ಹೋಗುವಷ್ಟು ಆಳ. ಅಪ್ಪ ಒಂದೊಂದು ಚಕ್ಕೆಯನ್ನೂ ಕೋಲಿನಿಂದ ಕುಟ್ಟಿ ನೋಡಿ ಕಾಲಿಡುತ್ತಿದ್ದ. ಅವನ ಹೆಜ್ಜೆಯ ಮೇಲೆ ಅಮ್ಮ, ಅಮ್ಮನ ಹೆಜ್ಜೆಯ ಮೇಲೆ ನಾನು.

ದಾರಿಯುದ್ದಕ್ಕೂ ಅಮ್ಮ ಮಾತಾಡುತ್ತಲೇ ಇದ್ದಳು. ಇಲ್ಲಿ ಬಾವಿ ಇತ್ತು, ಇಲ್ಲಿಂದ ಮೂರನೆಯದು ನಮ್ಮ ಮನೆ, ಮನೆಯ ಹಿಂದೆ ದೊಡ್ಡ ಮರ. ಎಲ್ಲಿಯೂ ಒಂದು ಗೋಡೆಯಿಲ್ಲ, ಒಂದು ಮೆಟ್ಟಿಲಿಲ್ಲ. ಕಣ್ಣು ಹಾಯಿಸಿದಷ್ಟೂ ಬೂದು ಬಣ್ಣದ ಚಪ್ಪಟೆ ನೆಲ. ಅಮ್ಮ ಅದನ್ನು ಕಾಣುತ್ತಿರಲಿಲ್ಲ. ಅವಳ ಕಣ್ಣ ಮುಂದೆ ಊರೇ ಇತ್ತು. "ಗೋಡೆಗಳೆಲ್ಲ ಕರಗಿರುತ್ತೆ ಬಿಡಿ, ಮಣ್ಣಿನ ಗೋಡೆ ಎಷ್ಟು ದಿನ ಇರುತ್ತೆ. ಕಲ್ಲು ಕರಗಲ್ಲ."

ಅಪ್ಪ ಒಂದು ಕಡೆ ನಿಂತ. ಹಿಂದೆ ತಿರುಗಿ ಗೋಪುರ ನೋಡಿದ, ಆ ಕಡೆ ಗುಡ್ಡ ನೋಡಿದ, ನನ್ನ ಮುಖ ನೋಡಲಿಲ್ಲ. ಈಗ ಹೇಳುತ್ತಾನೆ ಎಂದು ನಾನು ಕಾದೆ. ಅವನು ಕೋಲನ್ನು ನೆಲಕ್ಕೆ ಊರಿ, "ಇಲ್ಲೇ" ಎಂದ.

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಗುಡಿಸತೊಡಗಿದಳು. ಮೇಲಿನ ಪುಡಿಮಣ್ಣು ಹೊಗೆಯಂತೆ ಎದ್ದಿತು. ಗುಡಿಸಿದರೆ ಕೆಳಗೆ ಮಣ್ಣು, ಇನ್ನಷ್ಟು ಗುಡಿಸಿದರೆ ಇನ್ನಷ್ಟು ಮಣ್ಣು. "ಸ್ವಲ್ಪ ಆ ಕಡೆ ಇರಬೇಕು" ಎನ್ನುತ್ತ ಸರಿದಳು, ಮತ್ತೆ ಸರಿದಳು. ಆಳೆತ್ತರ ಮೀರಿದ ಹೂಳನ್ನು ಪೊರಕೆಯಿಂದ ಗುಡಿಸುತ್ತಿದ್ದ ನನ್ನ ಅಮ್ಮನನ್ನು ನೋಡಲಾಗದೆ ನಾನು ಮುಖ ತಿರುಗಿಸಿದೆ. ಅಪ್ಪನ ಮೇಲೆ ಬಂದ ಸಿಟ್ಟು ಎಷ್ಟಿತ್ತೆಂದರೆ, ಕೈಯಲ್ಲಿದ್ದ ಕ್ಯಾನನ್ನು ಅವನ ಕಾಲ ಬಳಿ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಕ್ಯಾನನ್ನು ಇನ್ನೊಂದು ಕೈಗೆ ಬದಲಿಸಿಕೊಂಡೆ.

ಅಮ್ಮನ ಕಾಲಿಗೆ ಏನೋ ತಾಗಿತು. ಕಪ್ಪಗಾದ ಮರದ ಕವಲು, ಕೆಸರಿನಿಂದ ಮೊಣಕಾಲೆತ್ತರಕ್ಕೆ ಮೇಲೆದ್ದಿತ್ತು. ಅವಳು ಕೂತು ಅದನ್ನು ಬಟ್ಟೆಯಿಂದ ಒರೆಸಿದಳು. ಕವಲಿನ ಮೇಲೆ ಹಗ್ಗ ಉಜ್ಜಿ ಉಜ್ಜಿ ಬಿದ್ದ ಕಚ್ಚು ಹಾಗೆಯೇ ಇತ್ತು. ಬೆರಳಿಟ್ಟು ನೋಡಿದಳು, ಬೆರಳು ಅದರಲ್ಲಿ ಸರಿಯಾಗಿ ಕೂತಿತು.

"ಇದು ನಮ್ಮ ಹಿತ್ತಲಿನ ಮರ" ಎಂದಳು. "ಅವನ ಜೋಕಾಲಿ ಕಟ್ಟಿದ್ದು ಇದಕ್ಕೆ."

ಕವಲನ್ನು ಮೇಲಿನಿಂದ ನೆಲದವರೆಗೆ ಕೈಯಿಂದ ಸವರಿದಳು.

"ರೀ, ಇದು ನನ್ನ ಕೈಗೆ ಎಟುಕ್ತಿರಲಿಲ್ಲ. ನಿಮಗೂ ಎಟುಕ್ತಿರಲಿಲ್ಲ. ಏಣಿ ತಂದು ಹತ್ತಿ ಕಟ್ಟಿದ್ರಿ."

ಅಪ್ಪ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಅಮ್ಮ ಮೆಲ್ಲಗೆ ತಲೆಯೆತ್ತಿ ದೂರದ ಗೋಪುರವನ್ನು ನೋಡಿದಳು. ಇಷ್ಟು ವರ್ಷ ಲೆವೆಲ್ಲು ಕೇಳಿದವಳು, ಲೆಕ್ಕ ಹಾಕಲು ಅವಳಿಗೆ ಯಾರೂ ಬೇಕಾಗಿರಲಿಲ್ಲ.

"ಗೆರೆ ಇನ್ನೂ ನೀರೊಳಗಿದೆ. ನಾವು ನೀರಿಗಿಂತ ಮೇಲೆ ನಿಂತಿದೀವಿ. ಅಂದ್ರೆ ಅವನು ನಮ್ಮ ಕಾಲಡಿ ಇದಾನೆ. ಎಷ್ಟು ಕೆಳಗೆ?"

ಅಪ್ಪ ಬಲಗೈಯನ್ನು ತನ್ನ ತಲೆಯ ಮೇಲೆ ಎತ್ತಿ ತೋರಿಸಿದ. ಆಮೇಲೆ ಅದನ್ನು ಇಳಿಸುವುದು ಹೇಗೆಂದು ತಿಳಿಯದವನಂತೆ ಹಾಗೆಯೇ ನಿಂತಿದ್ದ.

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಯಾವಾಗಿಂದ?"

"ಆಳ ನೋಡೋಕೆ ಅಂತ ದೋಣೀಲಿ ಬಂದಿದ್ವಲ್ಲ, ಇವಳು ಕೆಲಸಕ್ಕೆ ಸೇರಿದ ವರ್ಷ. ಇಲ್ಲಿ ಹಗ್ಗ ಬಿಟ್ರೆ ಬೇಗ ತಳ ಸಿಕ್ಕಿಬಿಡ್ತು. ಆವತ್ತಿಂದ."

"ಆಮೇಲೂ ದಿನಾ ಬೆಳಿಗ್ಗೆ ಲೆವೆಲ್ ಹೇಳ್ತಿದ್ರಲ್ಲ, ಇಷ್ಟು ಇಳಿದಿದೆ, ಅಷ್ಟು ಇಳಿದಿದೆ ಅಂತ."

"ನೀನು ಕೇಳ್ತಿದ್ದೆಯಲ್ಲ" ಎಂದ ಅಪ್ಪ. "ನೀನು ಕೇಳ್ತಿದ್ದೆ. ಇನ್ನೇನು ಕೊಡೋಕೆ ಇತ್ತು ನನ್ನ ಹತ್ತಿರ."

ಅಮ್ಮ ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಮೂವತ್ತು ಚಿಲ್ಲರೆ ವರ್ಷ ಎತ್ತದ ಗೇಟಿನ ಮಾತನ್ನು ಎತ್ತಿ ಅವನ ಮುಖಕ್ಕೆ ಹೊಡೆದಿದ್ದರೂ ಆಗುತ್ತಿತ್ತು. ಅವಳು ಕವಲಿಗೆ ಕೆನ್ನೆ ಒತ್ತಿಕೊಂಡು ಕೂತಳು.

"ನೀರು ಇಳೀಲಿ ಅಂತ ಕೇಳ್ಕೊಂಡೆ" ಎಂದಳು. "ಊರಿಗೆ ಕತ್ತಲೆ ಆದ್ರೂ ಪರವಾಗಿಲ್ಲ, ಮಗಳ ಕೆಲಸ ಹೋದ್ರೂ ಪರವಾಗಿಲ್ಲ, ನೀರು ಇಳೀಲಿ ಅಂತ ದಿನಾ ಕೇಳ್ಕೊಂಡೆ. ಅಷ್ಟು ಕೆಟ್ಟವಳಾದೆ. ಮಣ್ಣು ಇಳೀಲಿ ಅಂತ ಯಾರನ್ನ ಕೇಳ್ಲಿ?"

ಅವಳ ಪಕ್ಕ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟೆ. ನೀನು ಕೆಟ್ಟವಳಲ್ಲಮ್ಮ ಎಂದು ಹೇಳಬೇಕಿತ್ತು. ಹೇಳಿದರೆ ನನಗೇ ಅಳು ಬರುತ್ತದೆಂದು ಹೇಳಲಿಲ್ಲ, ಆದರೂ ಅಳು ಬಂತು. ಕಲ್ಲು ತೊಳೆಯಲು ತಂದ ನೀರನ್ನು ಕುಡಿಯಲು ಕೊಟ್ಟೆ. ಎರಡು ಗುಟುಕು ಕುಡಿದು, ಉಳಿದದ್ದನ್ನು ಕವಲಿನ ಬುಡಕ್ಕೆ ಸುರಿದಳು. ಒಂದು ಬಿರುಕು ಅದನ್ನು ಕ್ಷಣದಲ್ಲಿ ನುಂಗಿತು. ಅದು ಎಷ್ಟು ಆಳಕ್ಕೆ ಹೋಗುತ್ತದೆ ಎಂಬಂತೆ ಅಮ್ಮ ಬಗ್ಗಿ ನೋಡಿದಳು. ಆಮೇಲೆ ಪೊರಕೆ ಎತ್ತಿಕೊಂಡು, "ನಡೀರಿ, ಬಿಸಿಲೇರ್ತಿದೆ" ಎಂದಳು. ವಾಪಸ್ಸು ಬರುವಾಗ ಅವಳೇ ಮುಂದೆ ನಡೆದಳು. ನೆಲವನ್ನು ಕುಟ್ಟಿ ನೋಡುವುದಕ್ಕೂ ಅವಳು ಕಾಯಲಿಲ್ಲ.

ಮಳೆ ಬಂದದ್ದು ಅದಾದ ಕೆಲವೇ ದಿನಗಳಲ್ಲಿ, ಯಾವ ಲೆಕ್ಕಕ್ಕೂ ಸೇರದ ತಿಂಗಳಿನಲ್ಲಿ. ವರ್ಷದ ಬಾಕಿಯನ್ನೆಲ್ಲ ಒಂದೇ ವಾರದಲ್ಲಿ ತೀರಿಸುವವರಂತೆ ಆಕಾಶ ಸುರಿಯಿತು. ಹಳ್ಳದಲ್ಲಿ ನೀರಿಗಿಂತ ಮಣ್ಣೇ ಹೆಚ್ಚು ಬಂತು. ಕೆಂಪು ಗೆರೆ ಮುಳುಗಿತು, ನೋಡನೋಡುತ್ತ ಜಲಾಶಯ ತುಂಬಿ, ಕೊನೆಗೆ ಕಟ್ಟೆ ಉಳಿಸಿಕೊಳ್ಳಲು ಮೇಲಿನ ಗೇಟುಗಳನ್ನೂ ತೆರೆಯಬೇಕಾಯಿತು. ಹನಿ ನೀರಿಗೆ ಬಾಯಿ ಬಿಟ್ಟುಕೊಂಡಿದ್ದ ನಾವೇ ನಿಂತು, ಒಂದು ದೀಪವನ್ನೂ ಉರಿಸದೆ, ಆ ನೀರನ್ನು ನದಿಗೆ ಚೆಲ್ಲಿದೆವು. ಇಂಜಿನಿಯರು ರೇಲಿಂಗು ಹಿಡಿದುಕೊಂಡು ನೋಡುತ್ತಿದ್ದರು. "ಇದರಲ್ಲಿ ಅರ್ಧ ಆರು ತಿಂಗಳ ಮುಂಚೆ ಬಂದಿದ್ರೆ ಸಾಕಿತ್ತು" ಎಂದರು. ಮಂಡಿ ತನ್ನ ಮಂಡಿಯನ್ನು ನೀವಿಕೊಳ್ಳುತ್ತ, "ಇದಕ್ಕೆ ಈ ಸಲ ಸುಳಿವೂ ಸಿಗಲಿಲ್ಲ ಸಾರ್" ಎಂದ.

ಗೋಪುರದ ಬಾಯಿಗೆ ಮೆತ್ತಿಕೊಂಡ ಕಸಕಡ್ಡಿ ತೆಗೆದು, ಕೆಸರು ನೀರು ಸ್ವಲ್ಪ ತಿಳಿಯಾದ ಮೇಲೆ ಮೆಷಿನ್ನು ಹಾಕಿದೆವು. ನಿಲ್ಲಿಸಿದ್ದ ಕೈಯಿಂದಲೇ ನಾನು ಬಟನ್ನು ಒತ್ತಿದೆ. ಚಕ್ರ ಒಂದು ಸಲ ನರಳಿ, ತಿರುಗಿತು. ಹಾಲ್‌ನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆದರೆ ಮೂಲೆಯ ಆ ಕವಲು ನನ್ನ ಕಣ್ಣಿಗೆ ಕಟ್ಟಿದಂತಿತ್ತು. ಅದೀಗ ನೀರಿನಲ್ಲಷ್ಟೇ ಅಲ್ಲ, ಹೂಳಿನಲ್ಲೂ ಪೂರ್ತಿ ಮುಚ್ಚಿರುತ್ತದೆ. ಇನ್ನೊಂದು ಬರಗಾಲ ಬಂದರೂ ಆ ಮೂಲೆಯಲ್ಲಿ ಅಮ್ಮ ಬೆರಳಿಟ್ಟು ನೋಡುವಂಥದ್ದು ಏನೂ ಉಳಿದಿಲ್ಲ.

ಮಧ್ಯಾಹ್ನ ಪಾಳಿ ಮುಗಿಸಿ ಮನೆಗೆ ಬಂದೆ. ಎದುರುಮನೆಯ ಅತ್ತೆ ದೂರದಿಂದಲೇ "ಇವತ್ತೆಷ್ಟು?" ಎಂದು ಕೂಗಿದಳು. ಹೇಳಿದೆ. ಅವಳ ಮುಖ ಅರಳಿತು. ಮನೆಯೊಳಗೆ ಕಪಾಟಿನ ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು. ಅಪ್ಪ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದ. ಅಮ್ಮ ತಟ್ಟೆ ಹಾಕಿದಳು. ನಾನು ಕೈ ತೊಳೆದು ಬಂದು ಕೂತು, ಅವಳು ಕೇಳಲಿ ಎಂದು ಕಾದೆ. ಅಪ್ಪನೂ ಕಾಯುತ್ತಿದ್ದ. ಅವಳು ಬಡಿಸಿದಳು, ನೀರಿಟ್ಟಳು, ಕೇಳಲಿಲ್ಲ. ಅಪ್ಪ ತಡೆಯಲಾರದೆ, ಯಾರಿಗೂ ಅಲ್ಲವೆಂಬಂತೆ ಗೋಡೆ ನೋಡುತ್ತ, "ತುಂಬಿದೆಯಂತೆ" ಎಂದ.

"ಊಟ ಆರುತ್ತೆ" ಎಂದಳು ಅಮ್ಮ.

ನಾವು ಉಂಡು ಏಳುವಾಗ ಅವಳು ಹಿಂಬಾಗಿಲ ಕಡೆ ತಿರುಗಿದಳು. "ಆ ಕಲ್ಲನ್ನ ಹೊರಗೆ ಹಾಕ್ರಿ. ಓಡಾಡೋ ಜಾಗ. ಸುಮ್ನೆ ಎಡವ್ತಾರೆ."

ಅಪ್ಪ ನನ್ನನ್ನು ನೋಡಿದ, ನಾನು ಅವನನ್ನು. "ಇರಲಿ ಬಿಡಮ್ಮ" ಎಂದೆ, "ನಾನು ನೋಡ್ಕೊಂಡು ನಡೀತೀನಿ." ಅಷ್ಟು ವರ್ಷ ಆ ಕಲ್ಲಿಗೆ ಬೈದ ಬಾಯಿಂದ ಆ ಮಾತು ಹೇಗೆ ಬಂತೋ ಗೊತ್ತಿಲ್ಲ.

"ಎತ್ತಿ ಅಂದ್ನಲ್ಲ."

ಒಂದು ಕಡೆ ಅಪ್ಪ, ಒಂದು ಕಡೆ ನಾನು ಹಿಡಿದು ಎತ್ತಿದೆವು. ಅಪ್ಪನ ಕೈ ಸೋತು ಮಧ್ಯದಲ್ಲಿ ಒಮ್ಮೆ ಇಳಿಸಬೇಕಾಯಿತು. ಹಿತ್ತಲಿನ ಗೋಡೆಗೆ ಆನಿಸಿಟ್ಟು ಒಳಗೆ ಬಂದರೆ, ಕಲ್ಲು ಇದ್ದ ಕಡೆ ನೆಲದಲ್ಲಿ ಒಂದು ಗುಂಡನೆಯ ಗುರುತು ಉಳಿದಿತ್ತು. ಸುತ್ತಲಿನ ನೆಲ ತುಳಿದು ತುಳಿದು ಮಾಸಿ ಕಪ್ಪಾಗಿತ್ತು. ಆ ವೃತ್ತ ಮಾತ್ರ ಹೊಸ ನೆಲದ ಹಾಗೆ ತಿಳಿಯಾಗಿತ್ತು, ಅದರ ಮೇಲೆ ತೆಳ್ಳಗೆ ಮಣ್ಣಿನ ಪುಡಿ.

ಅಮ್ಮ ಮೂಲೆಯಿಂದ ಆ ಪೊರಕೆ ತಂದಳು. ಅದರ ಕಡ್ಡಿಗಳಲ್ಲಿ ಇನ್ನೂ ಬೂದು ಹೂಳು ಅಂಟಿಕೊಂಡಿತ್ತು. ಅದನ್ನು ಹೊಸ್ತಿಲಿಗೆ ಬಡಿದು ಉದುರಿಸಿದಳು. ಆ ಗುರುತಿನ ಪಕ್ಕ ಕೂತು ಗುಡಿಸಿದಳು. ಚೊಂಬಿನಿಂದ ನೀರು ಹಾಕಿ ಅಂಗೈಯಲ್ಲಿ ತೊಳೆದಳು. ಆಮೇಲೆ ಸೆರಗಿನ ತುದಿಯಿಂದ, ಸ್ವಲ್ಪವೂ ಒದ್ದೆ ಉಳಿಯದ ಹಾಗೆ, ಒರೆಸುತ್ತ ಕೂತಳು.